ಎರವಲು ಕೂದಲು ತೊಡುವ ಮುನ್ನ

ಕಳೆದ ಚಳಿಗಾಲದ ಒಂದು ಮಧ್ಯಾಹ್ನ ನಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ತಲೆಗೂದಲಿನ ದಪ್ಪವನ್ನು ಲೇಸರ್ ಬೆಳಕಿನಿಂದ ಅಳೆಯುವ ಪ್ರಯೋಗ ನಡೆದಿತ್ತು. ಹೊರಗೆ ಮಧುಗಿರಿಯ ಬೆಟ್ಟ ಬಿಸಿಲಿನಲ್ಲಿ ಬೆಳಗುತ್ತಿದ್ದರೂ ನಾವು ಪರದೆ ಎಳೆದು ಒಳಗೆ ಕತ್ತಲು ಮಾಡಿಕೊಂಡಿದ್ದೆವು. ವಿದ್ಯಾರ್ಥಿಗಳು ತಮ್ಮ ತಮ್ಮ ತಲೆಯ ಒಂದೊಂದು ಕೂದಲನ್ನು ಕಿತ್ತು ಚೌಕಟ್ಟಿಗೆ ಅಂಟಿಸಿ, ಗೋಡೆಯ ಮೇಲೆ ಮೂಡುವ ಕೆಂಪು ಪಟ್ಟಿಗಳ ಅಂತರವನ್ನು ಅಳೆದು ಬರೆದುಕೊಳ್ಳುತ್ತಿದ್ದರು. ಪಾವಗಡದ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದು ಓದುವ ಒಬ್ಬ ವಿದ್ಯಾರ್ಥಿನಿ ಮಾತ್ರ ತನ್ನ ಕೂದಲನ್ನು ಕೀಳಲೊಲ್ಲದೆ ಗೆಳತಿಯದೊಂದನ್ನು ಬೇಡಿ ಪಡೆದಳು. ಎಲ್ಲರೂ ಹೊರಟುಹೋದ ಮೇಲೆ ಆಕೆ ಹಿಂದುಳಿದು, “ಸರ್, ಒಂದು ಕೂದಲು ಎಷ್ಟು ಭಾರ ತಾಳುತ್ತದೆ ಎಂಬುದನ್ನೂ ಲೆಕ್ಕ ಹಾಕಬಹುದೆ?” ಎಂದು ಕೇಳಿದಳು.

ವಿಚಾರಿಸಲಾಗಿ ಸಂಗತಿ ತಿಳಿಯಿತು. ಭಾದ್ರಪದದಲ್ಲಿ ಆಕೆಗೆ ಡೆಂಗೆ ಜ್ವರ ಬಂದಿತ್ತು. ಜ್ವರ ಬಿಟ್ಟು ಎರಡು ತಿಂಗಳಾದ ಮೇಲೆ, ದೀಪಾವಳಿಯ ಹೊತ್ತಿಗೆ, ಬಾಚಿದಾಗಲೆಲ್ಲ ಕೂದಲು ಹಿಡಿಹಿಡಿಯಾಗಿ ಬರತೊಡಗಿತು. ನಾಚಿಕೆಯಿಂದ ಆಕೆ ತರಗತಿಗೆ ಬರುವುದನ್ನೇ ಕಡಮೆ ಮಾಡಿದ್ದಳು. ಮಾಘದಲ್ಲಿ ಅಕ್ಕನ ಮದುವೆ. ಅಷ್ಟರೊಳಗೆ ತುಮಕೂರಿನ ಒಂದು ಬ್ಯೂಟಿ ಪಾರ್ಲರಿನಲ್ಲಿ ಬೇರೆ ಕೂದಲನ್ನು ತನ್ನ ಕೂದಲಿಗೆ ಜೋಡಿಸಿಕೊಳ್ಳಬೇಕೆಂದು, ಹೇರ್ ಎಕ್ಸ್‌ಟೆನ್ಷನ್ ಎಂದು ಅವರು ಕರೆಯುವ ಆ ಕೆಲಸಕ್ಕೆ ದಿನವನ್ನು ಗೊತ್ತು ಮಾಡಿಕೊಂಡಿದ್ದಳು. ಮನೆಯ ಹಿರಿಯರೊಬ್ಬರು “ಇದೆಲ್ಲ ಶೋಕಿ, ಓದುವ ಹುಡುಗಿಗೆ ಯಾಕೆ” ಎಂದಿದ್ದರು. ಪಾರ್ಲರಿನವರು “ಏನೂ ಆಗುವುದಿಲ್ಲ, ಬನ್ನಿ” ಎಂದಿದ್ದರು.

ಈ ಎರಡು ಮಾತುಗಳಲ್ಲಿ ಯಾವುದೂ ಆಕೆಯ ಪ್ರಶ್ನೆಗೆ ಉತ್ತರವಲ್ಲ ಎಂಬುದು ನಮ್ಮ ಅಭಿಪ್ರಾಯ. ಮೊದಲನೆಯದು ಪ್ರಶ್ನೆಯನ್ನೇ ತಳ್ಳಿಹಾಕುತ್ತದೆ. ಎರಡನೆಯದು ಪ್ರಶ್ನೆ ಮುಗಿಯುವ ಮುನ್ನವೇ ಬಾಯಿ ಮುಚ್ಚಿಸುತ್ತದೆ. ತನ್ನ ದೇಹಕ್ಕೆ ಒಂದು ಹೊಸ ವಸ್ತುವನ್ನು ಕಟ್ಟಿಕೊಳ್ಳಲು ಹೊರಟವರು ಅದರ ಭಾರವೆಷ್ಟು, ಅಂಟೇನು, ಕಾಲವೆಷ್ಟು ಎಂದು ಕೇಳುವುದು ಶೋಕಿಯಲ್ಲ, ವಿವೇಕ. ಸೇತುವೆ ಕಟ್ಟುವ ಎಂಜಿನಿಯರೂ ಇದನ್ನೇ ಕೇಳುತ್ತಾನೆ. ಆದುದರಿಂದ ಆ ದಿನ ಆಕೆಗೆ ಹೇಳಿದುದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ನಮ್ಮ ತರುಣ ವಾಚಕರ ಮುಂದಿಡುತ್ತಿದ್ದೇವೆ.

ಎರವಲು ಕೂದಲು ನಮಗೆ ಹೊಸತಲ್ಲ. ನಮ್ಮ ಅಜ್ಜಿಯರು ಗಿಡ್ಡ ಜಡೆಗೆ ಚೌರಿ ಸೇರಿಸಿ ಹೆಣೆಯುತ್ತಿದ್ದರು. ಮದುವಣಗಿತ್ತಿಯ ಮೊಗ್ಗಿನ ಜಡೆಗೆ ಚೌರಿಯೂ ಕುಚ್ಚೂ ಇಲ್ಲದಿದ್ದರೆ ಅಂದವಿರಲಿಲ್ಲ. ಗುಬ್ಬಿ ಕಂಪನಿಯನ್ನು ಕಂಡ ನಮ್ಮ ಜಿಲ್ಲೆಯವರಿಗೆ ನಾಟಕದ ಟೋಪನ್ನಿನ ಪರಿಚಯವನ್ನು ಮಾಡಿಕೊಡಬೇಕಾದುದಿಲ್ಲ. ಆದರೆ ಹಳೆಯದಕ್ಕೂ ಹೊಸತಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಚೌರಿಯನ್ನು ಬೆಳಗ್ಗೆ ಕಟ್ಟಿ ರಾತ್ರಿ ಬಿಚ್ಚಿ ಗೂಟಕ್ಕೆ ತೂಗುಹಾಕುತ್ತಿದ್ದರು. ಈಗಿನ ಜೋಡಣೆಗಳಲ್ಲಿ ಹಲವು ತಿಂಗಳುಗಟ್ಟಲೆ ತಲೆಯಲ್ಲಿಯೇ ಇರತಕ್ಕವು. ಈ ಲೇಖನದ ತಿರುಳೆಲ್ಲ ಈ ಒಂದು ವ್ಯತ್ಯಾಸದಲ್ಲಿದೆ.

ಮೊದಲು ಭಾರದ ಲೆಕ್ಕವನ್ನು ನೋಡೋಣ. ನಮ್ಮ ಪ್ರಯೋಗದಲ್ಲಿ ಬಳಸಿದ ಕೆಂಪು ಬೆಳಕಿನ ತರಂಗದೂರ ೬೫೦ ನ್ಯಾನೋಮೀಟರು; ಕೂದಲಿನಿಂದ ಗೋಡೆಗೆ ಇದ್ದ ದೂರ ೨ ಮೀಟರು. ನಡುವಿನ ಬೆಳಕಿನಿಂದ ಮೊದಲನೆಯ ಕಪ್ಪು ಎಡೆಗೆ ೧೮.೫ ಮಿಲಿಮೀಟರು ಬಂದರೆ ಕೂದಲಿನ ದಪ್ಪ ಸುಮಾರು ೭೦ ಮೈಕ್ರೋಮೀಟರು, ಎಂದರೆ ಒಂದು ಮಿಲಿಮೀಟರಿನ ಹದಿನಾಲ್ಕನೆಯ ಒಂದು ಭಾಗ. (ಲೇಸರಿನ ಕಡೆಗೆ ಎಂದೂ ಕಣ್ಣಿಟ್ಟು ನೋಡಬಾರದೆಂಬುದನ್ನು ಮರೆಯಬೇಡಿ.) ಇಷ್ಟು ತೆಳುವಾದ ಎಳೆ ಎಷ್ಟು ತಾಳೀತು? ಒಂದು ಕೂದಲಿನ ತುದಿಗೆ ಕಾಗದದ ಲೋಟವನ್ನು ಕಟ್ಟಿ ಅದರಲ್ಲಿ ಒಂದೊಂದಾಗಿ ನಾಣ್ಯಗಳನ್ನು ಹಾಕುತ್ತ ಹೋಗಿ. ಆರೋಗ್ಯವಾದ ಕೂದಲು ೫೦ರಿಂದ ೧೦೦ ಗ್ರಾಂಗಳವರೆಗೆ ತಾಳಿ ಆಮೇಲೆ ತುಂಡಾಗುತ್ತದೆ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುವುದರಿಂದ, ಒಂದೊಂದಕ್ಕೆ ೮೦ ಗ್ರಾಂ ಎಂದಿಟ್ಟುಕೊಂಡರೂ ಎಲ್ಲ ಸೇರಿ ೮,೦೦೦ ಕಿಲೋಗ್ರಾಂ ತಾಳಬೇಕು. ಒಂದು ಲಾರಿಯ ಹೊರೆ!

ಜೋಡಿಸುವ ಕೂದಲಿನ ತೂಕ ಸಾಮಾನ್ಯವಾಗಿ ೧೦೦ರಿಂದ ೨೦೦ ಗ್ರಾಂ ಮಾತ್ರ. ೧೫೦ ಗ್ರಾಂ ಕೂದಲನ್ನು ೧೫೦ ಎಸಳುಗಳಾಗಿ ಮಾಡಿ, ಒಂದೊಂದು ಎಸಳನ್ನು ತಲೆಯ ೫೦ ಕೂದಲುಗಳಿಗೆ ಕಟ್ಟಿದರೆಂದು ಭಾವಿಸೋಣ. ಆಗ ಒಂದು ಕೂದಲಿನ ಪಾಲಿಗೆ ಬರುವ ಹೊರೆ ಗ್ರಾಮಿನ ಐವತ್ತನೆಯ ಒಂದು ಭಾಗ. ಅದು ತಾಳಬಲ್ಲ ಹೊರೆಯ ನಾಲ್ಕು ಸಾವಿರದಲ್ಲೊಂದು ಪಾಲು! ಈ ಲೆಕ್ಕವನ್ನು ಕಂಡು ನಮ್ಮ ವಿದ್ಯಾರ್ಥಿನಿಯ ಮುಖ ಅರಳಿತು. “ಹಾಗಾದರೆ ಏನೂ ಆಗುವುದಿಲ್ಲ ಎಂದು ಅವರು ಹೇಳಿದ್ದು ನಿಜವೇ ಆಯಿತಲ್ಲ, ಸರ್” ಎಂದಳು.

ಲೆಕ್ಕವೇನೋ ಸರಿ; ಆದರೆ ಅಳೆಯಬೇಕಾದುದನ್ನು ನಾವು ಅಳೆದಿರಲಿಲ್ಲ. ಹಗ್ಗ ಗಟ್ಟಿಯಾಗಿದ್ದರೇನು, ಗೂಟ ಸಡಿಲವಾಗಿದ್ದರೆ ಎಮ್ಮೆ ನಿಲ್ಲದು. ಕೂದಲು ಹಗ್ಗವಾದರೆ ಅದರ ಬುಡದಲ್ಲಿ ಚರ್ಮದೊಳಗಿರುವ ಕೋಶ ಗೂಟವಿದ್ದಂತೆ. ಕೂದಲಿನ ಎಳೆ ಜೀವವಿಲ್ಲದ ಕೆರಾಟಿನ್ ಎಂಬ ಸಸಾರಜನಕ ವಸ್ತು. ಬುಡದ ಕೋಶವಾದರೋ ರಕ್ತ ಹರಿಯುವ, ನೋವನ್ನು ಅರಿಯುವ ಜೀವಂತ ಅಂಗ. ಎಳೆ ತುಂಡಾಗದಿದ್ದರೂ ಕೋಶ ದಣಿಯುವುದುಂಟು. ಅದು ದಣಿಯುವುದು ಒಮ್ಮೆಯ ಜಗ್ಗಿಗಿಂತ ಹೆಚ್ಚಾಗಿ ಬಿಡುವಿಲ್ಲದ ಸೆಳೆತದಿಂದ. ಬಾಚಣಿಗೆಯ ಎಳೆತ, ತಲೆದಿಂಬಿಗೆ ಸಿಕ್ಕಿ ಹೊರಳುವಾಗಿನ ತಿರುಚು, ಬಿಗಿಯಾಗಿ ಮೇಲೆತ್ತಿ ಕಟ್ಟಿದ ತುರುಬು, ನೀರು ಕುಡಿದು ಭಾರವಾದ ಒದ್ದೆ ಕೂದಲು—ಇವುಗಳ ಬಲ ಸುಮ್ಮನೆ ಇಳಿಬಿಟ್ಟ ಎಸಳಿನ ತೂಕಕ್ಕಿಂತ ಎಷ್ಟೋ ಪಾಲು ಹೆಚ್ಚು.

ಬಿಗಿಯಾದ ಸೆಳೆತದಿಂದ ಕೂದಲು ಉದುರುವುದನ್ನು ವೈದ್ಯರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಗ್ರೀನ್‌ಲ್ಯಾಂಡಿನ ಹೆಂಗಸರಲ್ಲಿ ಗುರುತಿಸಿದರು. ಕೂದಲನ್ನು ಬಿಗಿಯಾಗಿ ಮೇಲಕ್ಕೆಳೆದು ಕಟ್ಟುವ ರೂಢಿ ಅವರಲ್ಲಿತ್ತು. ಕಿವಿಯ ಮುಂದೆಯೂ ಹಣೆಯ ಅಂಚಿನಲ್ಲಿಯೂ ಕೂದಲು ತೆಳುವಾಗುವುದು, ಬುಡದಲ್ಲಿ ಸಣ್ಣ ಗುಳ್ಳೆಗಳೇಳುವುದು, ರಾತ್ರಿ ಮಲಗಿದಾಗ ನೆತ್ತಿ ನೋಯುವುದು ಇದರ ಮೊದಲ ಕುರುಹುಗಳು. ಈ ಹಂತದಲ್ಲಿ ಸೆಳೆತವನ್ನು ಬಿಟ್ಟರೆ ಕೂದಲು ಮರಳಿ ಬೆಳೆಯುವುದು. ವರ್ಷಗಟ್ಟಲೆ ಕಡೆಗಣಿಸಿದರೆ ಕೋಶವು ಗಾಯ ಮಾಗಿ ಮುಚ್ಚಿದಂತಾಗಿ ಮತ್ತೆಂದೂ ಮೊಳೆಯದು. ಆದುದರಿಂದ “ಮೊದಮೊದಲು ನೋಯುತ್ತದೆ, ಆಮೇಲೆ ಒಗ್ಗುತ್ತದೆ” ಎಂಬ ಮಾತನ್ನು ಯಾರು ಹೇಳಿದರೂ ನಂಬಬಾರದು. ನೋವು ಕೋಶದ ದೂರು. ಅದನ್ನು ಅಂದೇ ಕೇಳಬೇಕು.

ಇನ್ನು ಕಾಲದ ಲೆಕ್ಕ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದೆ. ಒಂದೊಂದು ಕೂದಲೂ ಎರಡರಿಂದ ಆರು ವರ್ಷ ಬೆಳೆದು, ಸುಮಾರು ಮೂರು ತಿಂಗಳು ವಿಶ್ರಮಿಸಿ, ಉದುರಿ, ತನ್ನ ಸ್ಥಾನವನ್ನು ಹೊಸದಕ್ಕೆ ಬಿಟ್ಟುಕೊಡುತ್ತದೆ. ಹೀಗೆ ಆರೋಗ್ಯವಂತರ ತಲೆಯಿಂದಲೂ ದಿನಕ್ಕೆ ೫೦ರಿಂದ ೧೦೦ ಕೂದಲು ಉದುರುವುದು ಸಹಜ. ಈಗ ಜೋಡಣೆಗೆ ಎರಡು ತಿಂಗಳು ತುಂಬಿದೆ ಎಂದುಕೊಳ್ಳಿ. ಚರ್ಮದ ಹತ್ತಿರವಿದ್ದ ಗಂಟು ಎರಡು ಸೆಂಟಿಮೀಟರು ಕೆಳಗಿಳಿದಿರುತ್ತದೆ. ಅಷ್ಟುದ್ದದ ಬಿಡಿ ಕೂದಲುಗಳ ತುದಿಯಲ್ಲಿ ಗಂಟು ಅತ್ತಿತ್ತ ಓಲಾಡಿ ತಿರುಚಿಕೊಳ್ಳತೊಡಗುವುದು. ಅಷ್ಟೇ ಅಲ್ಲ, ಗಂಟಿನೊಳಗಿನ ಕೂದಲುಗಳಲ್ಲಿ ಉದುರಬೇಕಾದವು ಉದುರಿದರೂ ಹೊರಬರಲಾರದೆ ಅಲ್ಲಿಯೇ ಸಿಕ್ಕಿಕೊಂಡಿರುತ್ತವೆ. ಮೇಲಿನ ಲೆಕ್ಕದ ೭,೫೦೦ ಕೂದಲುಗಳಲ್ಲಿ ಎರಡು ತಿಂಗಳಿಗೆ ೨೨೫ರಿಂದ ೪೫೦ ಹೀಗೆ ಕೂಡಿಬೀಳುವುವು. ಜೋಡಣೆಯನ್ನು ಬಿಚ್ಚಿಸಿದ ದಿನ ಹಿಡಿ ಕೂದಲನ್ನು ಕಂಡು ಕೆಲವರು ಗಾಬರಿಯಾಗುವುದು ಇದರಿಂದಲೇ. ಅದರಲ್ಲಿ ಬಹುಪಾಲು ಎರಡು ತಿಂಗಳ ಸಹಜವಾದ ಉದುರು ಒಟ್ಟಿಗೆ ಕಂಡದ್ದಷ್ಟೆ.

ಆದರೆ ಜ್ವರದಿಂದೆದ್ದವರ ಮಾತು ಬೇರೆ. ಡೆಂಗೆ, ಟೈಫಾಯಿಡ್ ಮುಂತಾದ ಕಠಿನ ಜ್ವರಗಳಾಗಲಿ, ಹೆರಿಗೆಯಾಗಲಿ, ದೊಡ್ಡ ಶಸ್ತ್ರಚಿಕಿತ್ಸೆಯಾಗಲಿ ಆದಾಗ ಬೆಳೆಯುತ್ತಿದ್ದ ಕೂದಲುಗಳಲ್ಲಿ ಹಲವು ಒಮ್ಮೆಗೇ ವಿಶ್ರಾಂತಿಗೆ ಹೋಗುತ್ತವೆ. ಎರಡು ಮೂರು ತಿಂಗಳಾದ ಮೇಲೆ ಅವೆಲ್ಲ ಒಟ್ಟಿಗೆ ಉದುರುತ್ತವೆ. ಜ್ವರ ಬಿಟ್ಟು ಇಷ್ಟು ದಿನವಾದ ಮೇಲೆ ಉದುರುವುದರಿಂದ ಕಾರಣ ತಿಳಿಯದೆ ಜನ ಎಣ್ಣೆಯನ್ನೋ ನೀರನ್ನೋ ದೂರುವರು. ದಿನಕ್ಕೆ ೩೦೦ ಉದುರುವುದೆಂದು ಇಟ್ಟುಕೊಂಡರೆ ಎರಡು ತಿಂಗಳಲ್ಲಿ ಒಂದು ಲಕ್ಷದಲ್ಲಿ ೧೮,೦೦೦ ಹೋದಂತಾಯಿತು. ೫೦ ಕೂದಲಿನ ಗಂಟಿನಲ್ಲಿ ೯ ಬುಡ ಬಿಟ್ಟವು. ಅವುಗಳ ಪಾಲಿನ ಎಳೆತ ಉಳಿದವುಗಳ ಮೇಲೆ, ಅದೂ ಸಮನಾಗಿಯಲ್ಲದೆ, ಬೀಳುವುದು. ಸಡಿಲ ಗೂಟಕ್ಕೆ ಎಮ್ಮೆಯನ್ನು ಕಟ್ಟಿದಂತೆ ಎಂದೆವಲ್ಲ, ಅದು ಇಂಥ ಕಡೆಯೇ. ಸಂತೋಷದ ಸಂಗತಿಯೆಂದರೆ ಈ ಬಗೆಯ ಉದುರು ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗಿ ನಿಲ್ಲುತ್ತದೆ, ಕೂದಲು ಮರಳಿ ಬರುತ್ತದೆ. ರಕ್ತದಲ್ಲಿ ಕಬ್ಬಿಣದ ಕೊರತೆ, ಥೈರಾಯಿಡ್ ಗ್ರಂಥಿಯ ತೊಂದರೆಗಳಿಂದಲೂ ಕೂದಲು ಉದುರುವುದುಂಟಾದ್ದರಿಂದ ಪಾರ್ಲರಿಗೆ ಹೋಗುವ ಮುನ್ನ ವೈದ್ಯರನ್ನು ಕಾಣುವುದು ಮೊದಲ ಸಿದ್ಧತೆ.

ಎರಡನೆಯ ಸಿದ್ಧತೆ, ಜೋಡಿಸುವ ಬಗೆಗಳನ್ನು ತಿಳಿದುಕೊಳ್ಳುವುದು. ಕ್ಲಿಪ್ಪಿನಿಂದ ಸಿಕ್ಕಿಸುವುದು ನಮ್ಮ ಚೌರಿಯ ತಂಗಿ. ಅಂದೇ ತೊಟ್ಟು ಅಂದೇ ತೆಗೆಯಬಹುದು. ಎರಡು ಅಂಟುಪಟ್ಟಿಗಳ ನಡುವೆ ಸ್ವಂತ ಕೂದಲಿನ ತೆಳು ಪದರವನ್ನಿಟ್ಟು ಒತ್ತುವುದು ಇನ್ನೊಂದು ಬಗೆ. ಇದನ್ನು ಆರರಿಂದ ಎಂಟು ವಾರಕ್ಕೊಮ್ಮೆ ಬಿಚ್ಚಿ ಮೇಲೆ ಸರಿಸಬೇಕು. ಬಿಸಿ ಇಕ್ಕಳದಿಂದ ಅಂಟನ್ನು ಕರಗಿಸಿ ಕೂಡಿಸುವುದು ಮೂರನೆಯದು. ಸಣ್ಣ ಉಂಗುರಗಳಲ್ಲಿ ಕೂದಲನ್ನು ತೂರಿಸಿ ಅಮುಕುವುದು ನಾಲ್ಕನೆಯದು. ಬಿಗಿಯಾಗಿ ಹೆಣೆದ ಸಣ್ಣ ಜಡೆಗಳಿಗೆ ಕೂದಲಿನ ಸಾಲನ್ನು ಹೊಲಿಯುವುದು ಐದನೆಯದು. ಐದರಲ್ಲಿ ಬುಡಕ್ಕೆ ಹೆಚ್ಚು ಸೆಳೆತ ಕೊಡುವುದು ಇದೇ. ಮೊದಲನೆಯದನ್ನು ಬಿಟ್ಟರೆ ಉಳಿದವೆಲ್ಲಕ್ಕೂ ಮತ್ತೆ ಮತ್ತೆ ಹೋಗಬೇಕಾಗುವುದು. ಪಾವಗಡದಿಂದ ತುಮಕೂರಿಗೆ ಸುಮಾರು ೧೦೦ ಕಿಲೋಮೀಟರು ದಾರಿ. ಮೊದಲ ದಿನದ ಹಣದೊಡನೆ ಈ ಬಸ್ ಪ್ರಯಾಣಗಳನ್ನೂ ತಪ್ಪಿಹೋಗುವ ತರಗತಿಗಳನ್ನೂ ಕೂಡಿಸಿ ಲೆಕ್ಕ ಹಾಕಿದರೆ ಮಾತ್ರ ನಿಜವಾದ ಬೆಲೆ ತಿಳಿಯುವುದು.

ಮೂರನೆಯ ಸಿದ್ಧತೆ, ಬರುವ ಕೂದಲು ಎಂಥದು ಎಂದು ಕೇಳುವುದು. ನಮ್ಮ ಶಿರಾ, ಪಾವಗಡ ಸೀಮೆಯಲ್ಲಿ ಕುರಿ ಸಾಕುವವರಿಗೆ ಉಣ್ಣೆಯ ಗುಣ ಗೊತ್ತು: ಒದ್ದೆಮಾಡಿ ತಿಕ್ಕಿದಷ್ಟೂ ಕಂಬಳಿ ಒತ್ತಾಗಿ ಸುಕ್ಕಿಕೊಳ್ಳುತ್ತದೆ. ಕಾರಣವೇನು? ಉಣ್ಣೆಯೂ ತಲೆಗೂದಲೂ ಒಂದೇ ಕೆರಾಟಿನ್ನಿನವು. ಎರಡರ ಮೈಮೇಲೂ ಹೆಂಚಿನ ಮಾಡಿನಂತೆ ಜೋಡಿಸಿದ ಶಲ್ಕಗಳಿವೆ, ಅವುಗಳ ಅಂಚೆಲ್ಲ ತುದಿಯ ಕಡೆಗೆ. ಬುಡದಿಂದ ತುದಿಗೆ ಕೈಯಾಡಿಸಿದರೆ ನುಣುಪು. ತುದಿಯಿಂದ ಬುಡಕ್ಕೆ ಆಡಿಸಿದರೆ ತಡೆ. ಒಂದು ಕೂದಲನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಅದರ ಉದ್ದಕ್ಕೆ ಹಿಂದೆ ಮುಂದೆ ಉಜ್ಜಿ ನೋಡಿ: ಅದು ಯಾವಾಗಲೂ ಬುಡವನ್ನು ಮುಂದು ಮಾಡಿಕೊಂಡು ತೆವಳುವುದು. ಬುಡ ತುದಿಗಳು ಕಲಸಿಹೋದ ಕೂದಲಿನ ಕಂತೆಯಲ್ಲಿ ಒಂದೊಂದೂ ಒಂದೊಂದು ದಿಕ್ಕಿಗೆ ತೆವಳಿ, ಕಂಬಳಿಯಂತೆ ಸಿಕ್ಕುಕಟ್ಟುವುದು.

ಈ ಕಲಸುವಿಕೆ ಎಲ್ಲಿಂದ ಬಂತು ಎಂಬುದನ್ನು ನಮ್ಮ ಹಳ್ಳಿಯವರೇ ಹೇಳಬಲ್ಲರು. ಬಾಚಿದ ಕೂದಲನ್ನು ಉಂಡೆಮಾಡಿ ಗೋಡೆಯ ಸಂದಿನಲ್ಲಿಟ್ಟು, ಬೀದಿಯಲ್ಲಿ ಕೂಗಿಬರುವ ವ್ಯಾಪಾರಿಗೆ ಕೊಟ್ಟು ಪಿನ್ನನ್ನೋ ಪಾತ್ರೆಯನ್ನೋ ಪಡೆಯುವುದು ನಮ್ಮಲ್ಲಿ ವಾಡಿಕೆ. ಆ ಉಂಡೆಗಳು ಕೈಯಿಂದ ಕೈಗೆ ಸಾಗಿ ಕೂದಲು ಹಸನು ಮಾಡುವ ಊರುಗಳನ್ನು ಸೇರುವುವು. ಕೊಪ್ಪಳದ ಮಗ್ಗುಲಲ್ಲಿರುವ ಭಾಗ್ಯನಗರ ಈ ಉದ್ಯಮಕ್ಕೆ ಹೆಸರಾದುದು. ಅಲ್ಲಿ ಹೆಂಗಸರು ಕುಳಿತು ಸಿಕ್ಕನ್ನು ಬಿಡಿಸಿ, ಉದ್ದಕ್ಕೆ ತಕ್ಕಂತೆ ಕೂದಲನ್ನು ವಿಂಗಡಿಸುತ್ತಾರೆ. ಬುಡ ತುದಿ ಕಲಸಿದ ಇಂಥ ಕೂದಲು ಸಿಕ್ಕುಕಟ್ಟದಿರಲೆಂದು ಕಾರ್ಖಾನೆಗಳಲ್ಲಿ ಆಮ್ಲದಿಂದ ಅದರ ಶಲ್ಕಗಳನ್ನು ತೆಗೆದು ಸಿಲಿಕೋನ್ ಲೇಪಿಸುವುದುಂಟು. ಹೊಸದರಲ್ಲಿ ಅದು ರೇಷ್ಮೆಯಂತೆ ಹೊಳೆಯುವುದು. ಕೆಲವು ಸಲ ತೊಳೆದರೆ ಲೇಪ ಹೋಗಿ ಹುರಿಹುರಿಯಾಗುವುದು. ತಿರುಮಲೆಯ ಕಲ್ಯಾಣಕಟ್ಟೆಯಲ್ಲಿ ಭಕ್ತರು ಅರ್ಪಿಸಿದ ಮುಡಿಯಾದರೋ ತಲೆಯಿಂದ ನೇರವಾಗಿ ಬಂದುದರಿಂದ ಅದರಲ್ಲಿ ಬುಡ ತುದಿಗಳನ್ನು ಒಂದೇ ಕಡೆಗೆ ಉಳಿಸಿಕೊಳ್ಳಬಹುದು. ದೇವಸ್ಥಾನದವರು ಅದನ್ನು ಹರಾಜಿನಲ್ಲಿ ಮಾರುತ್ತಾರೆ. ಪೇಟೆಯಲ್ಲಿ ‘ರೆಮಿ’ ಎಂದು ಹೆಚ್ಚು ಬೆಲೆಗೆ ಮಾರುವುದು ಹೀಗೆ ದಿಕ್ಕು ತಪ್ಪದ ಕೂದಲನ್ನೇ.

ನಾವು ತೊಡುವ ಎಸಳು ಯಾರದೋ ಹರಕೆ, ಇಲ್ಲವೇ ಯಾರದೋ ಮನೆಯ ಗೋಡೆಸಂದಿನ ಉಂಡೆ. ಕೊಟ್ಟವಳಿಗೆ ದೊರೆತುದು ಪುಣ್ಯ ಅಥವಾ ನಾಲ್ಕು ಪಿನ್ನು. ಕೊಳ್ಳುವವಳು ತೆರುವುದು ಸಾವಿರಗಳಲ್ಲಿ. ಇದಕ್ಕಾಗಿ ಯಾರೂ ಕೂದಲನ್ನು ಜೋಡಿಸಿಕೊಳ್ಳಬಾರದೆಂದು ನಾವು ಹೇಳುವುದಿಲ್ಲ. ಆದರೆ ವಿದ್ಯಾವಂತರಾದವರು ಒಂದು ವಸ್ತುವಿನ ಬೆಲೆಯನ್ನು ಕೇಳಿದಂತೆ ಅದರ ಮೂಲವನ್ನೂ ಕೇಳಬೇಕು. ಹತ್ತು ಜನ ಕೇಳಿದರೆ ಮಾರುವವನೂ ಉತ್ತರವನ್ನು ಹುಡುಕಿಟ್ಟುಕೊಳ್ಳುವನು.

ಕೂದಲು ಮನುಷ್ಯರದೋ ಕೃತಕವೋ ಎಂಬುದಕ್ಕೆ ಪರೀಕ್ಷೆ ಸುಲಭ. ಹಿರಿಯರನ್ನು ಹತ್ತಿರವಿಟ್ಟುಕೊಂಡು, ಒಂದೆರಡು ಎಳೆಯನ್ನು ಚಿಮುಟದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆಯನ್ನಿಟ್ಟು ಸುಡಿ. ನಿಜವಾದ ಕೂದಲು ಸುಟ್ಟ ಗರಿಯ ನಾತ ಬೀರಿ, ಬೆರಳಲ್ಲಿ ಪುಡಿಯಾಗುವ ಬೂದಿಯಾಗುವುದು. ಕೃತಕ ನೂಲು ಕರಗಿ ಗಟ್ಟಿ ಮಣಿಯಾಗುವುದು. ಕೃತಕವಾದುದು ಕೀಳೆಂದಲ್ಲ, ಒಂದು ದಿನಕ್ಕೆ ಅದೇ ಅಗ್ಗ, ಅದೇ ಸಾಕು. ಆದರೆ ಅದಕ್ಕೆ ಬಿಸಿ ಇಸ್ತ್ರಿಯನ್ನು ಮುಟ್ಟಿಸಿದರೆ ಕೆಡುವುದು.

ನಾಲ್ಕನೆಯದು ಅಂಟಿನ ಮತ್ತು ಬಣ್ಣದ ಪರೀಕ್ಷೆ. ಜೋಡಣೆಯ ದಿನವೇ ಬಣ್ಣವನ್ನೂ ಹಚ್ಚುವುದುಂಟು. ಕಪ್ಪು ಬಣ್ಣಗಳಲ್ಲಿ ಬಹಳವಾಗಿರುವ ಪ್ಯಾರಾ-ಫೀನೈಲೀನ್ ಡೈಅಮೀನ್ ಎಂಬ ವಸ್ತು ಕೆಲವರ ಚರ್ಮಕ್ಕೆ ಆಗದು. ಕೆಲವು ಅಂಟುಗಳೂ ಹಾಗೆಯೇ. ೪೮ ಗಂಟೆ ಮೊದಲು ಕಿವಿಯ ಹಿಂದೆಯೋ ಮೊಳಕೈಯ ಒಳಮಗ್ಗುಲಲ್ಲೋ ಒಂದಿಷ್ಟನ್ನು ಹಚ್ಚಿಸಿಕೊಂಡು ನೋಡಬೇಕು. ಕೆಂಪಾದರೂ ಕೆರೆದರೂ ಆ ಕೆಲಸವನ್ನು ಅಲ್ಲಿಗೇ ಬಿಡಬೇಕು. ಮದುವೆಯ ಹಿಂದಿನ ದಿನ ಮೊದಲ ಸಲ ಇದಕ್ಕೆ ಕೈಹಾಕುವುದು ಅವಿವೇಕವೆನ್ನುವುದು ಇದಕ್ಕಾಗಿ. ಮುಖ ಊದಿದರೆ ಜಡೆ ಎಷ್ಟು ಉದ್ದವಿದ್ದರೇನು?

ಐದನೆಯದು ನೀರು ಮತ್ತು ಎಣ್ಣೆ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಬಹಳ ಮನೆಗಳ ನೀರು ಆಳದ ಕೊಳವೆಬಾವಿಯದು. ಬಂಡೆಗಳಿಂದ ಸುಣ್ಣ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡು ಬರುವ ಗಡಸು ನೀರು. ಒಂದು ಸೀಸೆಯಲ್ಲಿ ಮಳೆಯ ನೀರು, ಇನ್ನೊಂದರಲ್ಲಿ ಮನೆಯ ನೀರನ್ನಿಟ್ಟು ಎರಡಕ್ಕೂ ಸಮನಾಗಿ ಸೋಪಿನ ತುರಿ ಹಾಕಿ ಅಲ್ಲಾಡಿಸಿ. ಒಂದರಲ್ಲಿ ನೊರೆ, ಇನ್ನೊಂದರಲ್ಲಿ ಬಿಳಿಯ ಗಸಿ. ಈ ಗಸಿಯೇ ಕೂದಲಿನ ಮೇಲೆ ಕೂತು ಅದನ್ನು ಒರಟುಮಾಡುವುದು. ಸ್ವಂತ ಕೂದಲಿಗೆ ನೆತ್ತಿಯ ಜಿಡ್ಡಾದರೂ ಇಳಿದುಬರುವುದು. ಎರವಲು ಎಸಳಿಗೆ ಆ ಭಾಗ್ಯವಿಲ್ಲ. ಆದುದರಿಂದ ಸೋಪು ಬೇಡ. ಸೀಗೆಕಾಯಿಯ ನೊರೆ ಗಡಸು ನೀರಿನಲ್ಲಿಯೂ ಗಸಿ ಕಟ್ಟದು. ಆದರೆ ಅದರ ಪುಡಿ ಗಂಟುಗಳಲ್ಲಿ ಸಿಕ್ಕಿಕೊಳ್ಳುವುದರಿಂದ ಕುದಿಸಿ ಸೋಸಿದ ತಿಳಿಯನ್ನಾಗಲಿ, ಸೌಮ್ಯವಾದ ಶಾಂಪೂವನ್ನಾಗಲಿ ಬಳಸಬೇಕು. ಜೋಡಣೆಗೆ ಮುನ್ನ ಎರಡು ದಿನ ತಲೆಗೆ ಹರಳೆಣ್ಣೆಯನ್ನೂ ಕೊಬ್ಬರಿ ಎಣ್ಣೆಯನ್ನೂ ಹಚ್ಚಬಾರದು. ಎಣ್ಣೆ ಇದ್ದಲ್ಲಿ ಅಂಟು ನಿಲ್ಲದು. ಹಬ್ಬಕ್ಕೆ ಎಣ್ಣೆಸ್ನಾನ ತಪ್ಪಿಸದ ಮನೆಯವರು ಇದನ್ನು ಮೊದಲೇ ಯೋಚಿಸಬೇಕು: ಅಂಟುಪಟ್ಟಿಯೂ ಅಭ್ಯಂಜನವೂ ಒಂದೇ ತಲೆಯಲ್ಲಿ ಬಾಳಲಾರವು.

ಹಿಂದಿನ ದಿನ ತೊಳೆದ ಕೂದಲು ಪೂರ್ತಿಯಾಗಿ ಒಣಗಿರಬೇಕೆಂಬುದಕ್ಕೂ ಕಾರಣವಿದೆ. ಕೂದಲು ತನ್ನ ತೂಕದ ಸುಮಾರು ಶೇಕಡಾ ೩೦ರಷ್ಟು ನೀರನ್ನು ಒಳಗೆ ಹೀರಬಲ್ಲುದು. ತೇವ ಹೆಚ್ಚಿದಂತೆ ಅದರ ಉದ್ದವೂ ಶೇಕಡಾ ಎರಡರಷ್ಟು ಹಿಗ್ಗುವುದು. ಜಿನೀವಾದ ಸೊಸ್ಯೂರ್ ಎಂಬ ವಿಜ್ಞಾನಿ ಈ ಗುಣದಿಂದಲೇ ಗಾಳಿಯ ಆರ್ದ್ರತೆಯನ್ನು ಅಳೆಯುವ ಕೂದಲಿನ ಮಾಪಕವನ್ನು ಮಾಡಿ, ೧೭೮೩ರಲ್ಲಿ ಆ ವಿಷಯದ ಗ್ರಂಥವನ್ನು ಪ್ರಕಟಿಸಿದನು. ಒದ್ದೆ ಕೂದಲಿಗೆ ಬಿಸಿ ಇಕ್ಕಳವನ್ನು ಮುಟ್ಟಿಸಿದರೆ ಒಳಗಿನ ನೀರು ಹಬೆಯಾಗಿ ಉಬ್ಬಿ ಎಳೆಯಲ್ಲಿ ಗುಳ್ಳೆಗಳನ್ನೆಬ್ಬಿಸುವುದು. ಆ ಎಳೆ ಅಲ್ಲಿಯೇ ಮುರಿಯುವುದು. ಒದ್ದೆಯಾದಾಗ ಕೂದಲಿನ ಬಲವೂ ಕುಗ್ಗುವುದರಿಂದ ತಲೆಗೆ ನೀರೆರೆದುಕೊಂಡ ಕೂಡಲೇ ಬಾಚಬಾರದು.

ಇಷ್ಟನ್ನು ತಿಳಿಸಿ ನಮ್ಮ ವಿದ್ಯಾರ್ಥಿನಿಗೆ ಒಂದು ಚೀಟಿಯನ್ನು ಬರೆದುಕೊಳ್ಳಹೇಳಿದೆವು. ಒಟ್ಟು ಎಷ್ಟು ಗ್ರಾಂ? ಒಂದು ಗಂಟಿಗೆ ನನ್ನ ಎಷ್ಟು ಕೂದಲು? ಅಂಟು ಯಾವುದು, ಬಿಸಿ ಎಷ್ಟು? ಎಷ್ಟು ವಾರಕ್ಕೆ ಸರಿಸಬೇಕು? ಬಿಚ್ಚುವವರು ಯಾರು, ಬಿಚ್ಚುವುದಕ್ಕೆ ಎಷ್ಟು ಹಣ? ನೋವಾದರೆ ಅಂದೇ ಸಡಿಲಿಸುವಿರಾ? ಕೂದಲು ಎಲ್ಲಿಯದು? ಜ್ವರದ ಸಂಗತಿಯನ್ನೂ ಮುಚ್ಚಿಡದೆ ಹೇಳಬೇಕೆಂದೆವು. ಕಸುಬು ಬಲ್ಲವರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ. ತಲೆಯನ್ನು ಮೊದಲು ಪರೀಕ್ಷಿಸಿ, ಬೇಡವಾದರೆ ಬೇಡವೆಂದೇ ಹೇಳುತ್ತಾರೆ. ಬೇಸರಪಡುವವರ ಕೈಗೆ ತಲೆಯನ್ನು ಒಪ್ಪಿಸುವ ಅಗತ್ಯವಿಲ್ಲ.

ಆಕೆ ಮೊದಲು ವೈದ್ಯರನ್ನು ಕಂಡಳು. ಜ್ವರದ ಉದುರೇ ಎಂದೂ ಕಾಯಬೇಕೆಂದೂ ಅವರು ಹೇಳಿದರು. ಗೊತ್ತು ಮಾಡಿದ ದಿನದಂದು ಆಕೆ ಚೀಟಿಯೊಡನೆ ತುಮಕೂರಿಗೆ ಹೋಗಿ, ಏಳು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಉತ್ತರ ಪಡೆದು, ಅಂಟಿನ ಜೋಡಣೆ ಬೇಡವೆಂದು ಹೇಳಿ ಹಿಂದಿರುಗಿದಳಂತೆ. ಮದುವೆಯ ದಿನ ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಹಗುರವಾದ ಚೌರಿಯನ್ನೇ ಸಡಿಲವಾಗಿ ಸೇರಿಸಿ, ಮೇಲೆ ಮೊಗ್ಗು ಮುಡಿದು, ರಾತ್ರಿ ಬಿಚ್ಚಿಟ್ಟಳು. ಯುಗಾದಿಯ ಹೊತ್ತಿಗೆ ಹಣೆಯ ಅಂಚಿನಲ್ಲಿ ಬೆರಳಗಲದ ಹೊಸ ಕೂದಲು ನಿಮಿರಿ ನಿಂತಿತ್ತು. ಅದಕ್ಕಿಂತ ಮುಖ್ಯವಾಗಿ, ಮದುವೆ ಮುಗಿದ ಮರುವಾರದಿಂದ ಆಕೆ ಒಂದು ತರಗತಿಯನ್ನೂ ತಪ್ಪಿಸಲಿಲ್ಲ.

ಎಲ್ಲರೂ ಆಕೆಯಂತೆಯೇ ತೀರ್ಮಾನಿಸಬೇಕೆಂದು ನಾವು ಹೇಳುವುದಿಲ್ಲ. ಆರೋಗ್ಯವಾದ ತಲೆಯುಳ್ಳವರು, ಹಣಕ್ಕೂ ಕಾಲಕ್ಕೂ ಅನುಕೂಲವಿದ್ದವರು ಬಲ್ಲವರಿಂದ ಜೋಡಿಸಿಕೊಂಡು ಎರಡು ತಿಂಗಳಿಗೊಮ್ಮೆ ಸರಿಪಡಿಸಿಕೊಂಡರೆ ಅದರಲ್ಲಿ ತಪ್ಪೇನೂ ಇಲ್ಲ. ಕಾಯಿಲೆಯಿಂದ ಕೂದಲನ್ನು ಕಳೆದುಕೊಂಡ ಎಷ್ಟೋ ಜನರಿಗೆ ಎರವಲು ಕೂದಲು ಜನರೆದುರು ತಲೆಯೆತ್ತಿ ನಿಲ್ಲುವ ಧೈರ್ಯವನ್ನೂ ಕೊಟ್ಟಿದೆ. ನಾವು ಹೇಳುವುದು ಇಷ್ಟೆ. ಹಿರಿಯರು ಇಂಥ ಪ್ರಶ್ನೆಯನ್ನು ನಕ್ಕು ತಳ್ಳಬಾರದು, ಏಕೆಂದರೆ ಹಾಗೆ ತಳ್ಳಿದರೆ ಮಕ್ಕಳು ಕೇಳದೆಯೇ ಹೋಗುವರು. ತರುಣರು “ಏನೂ ಆಗುವುದಿಲ್ಲ” ಎಂಬ ಮಾತಿಗೆ ತಲೆಯನ್ನು ಒಪ್ಪಿಸಬಾರದು. ಭಾರವನ್ನು ತೂಗಿದಂತೆ ಕಾಲವನ್ನೂ ತೂಗಬೇಕು. ಪ್ರಯೋಗಶಾಲೆಯಲ್ಲಿ ಕಲಿತುದನ್ನು ತನ್ನ ತಲೆಯ ಮೇಲೆಯೇ ಅನ್ವಯಿಸಿ ನೋಡದಿದ್ದರೆ ಅದನ್ನು ಕಲಿತು ಪ್ರಯೋಜನವೇನು?